ರಿಪೇರಿಗೆ ಹೋದ ಮನೆಗಳಲ್ಲಿ ಕಲಿತದ್ದು: ನಲ್ಲಿ, ಗೋಡೆ, ಮೋಟಾರು, ಬೀಗ

ಬೆಂಗಳೂರಿನ ಹನುಮಂತನಗರ, ಶ್ರೀನಗರ, ಗಿರಿನಗರ, ಬನಶಂಕರಿ ಸುತ್ತಮುತ್ತಲ ಮನೆಗಳಲ್ಲಿ ನಲ್ಲಿ, ಪೈಪು, ಮೋಟಾರು ಅಂತ ಹದಿನೆಂಟು ವರ್ಷದಿಂದ ಓಡಾಡುತ್ತಿದ್ದೇನೆ. ಕೆಲಸ ಕಲಿಸಿದ್ದು ನನ್ನ ಮೇಸ್ತ್ರಿ. ಆದರೆ ಮನೆಯನ್ನು ಕೆಡದ ಹಾಗೆ ಇಟ್ಟುಕೊಳ್ಳುವುದು ಹೇಗೆ ಅನ್ನುವುದನ್ನು ಕಲಿಸಿದವರು ನನ್ನನ್ನು ಕೆಲಸಕ್ಕೆ ಕರೆದ ಮನೆಯವರೇ. ನಾನು ಒಂದು ಮನೆಯಲ್ಲಿ ಇರುವುದು ಅರ್ಧ ಗಂಟೆ, ಹೆಚ್ಚೆಂದರೆ ಅರ್ಧ ದಿನ. ಅವರು ಅದೇ ನಲ್ಲಿಯ ಜೊತೆ ಹತ್ತಿಪ್ಪತ್ತು ವರ್ಷ ಬಾಳಿರುತ್ತಾರೆ. ಮೋಟಾರಿನ ಸದ್ದು ಯಾವಾಗ ಬದಲಾಯಿತು, ಗೋಡೆಯ ತೇವ ಮಳೆಗೆ ಮುಂಚೆಯೇ ಇತ್ತೋ ಆಮೇಲೆ ಬಂತೋ, ಇದೆಲ್ಲ ಅವರ ಕಣ್ಣಿಗೆ ಬಿದ್ದಿರುತ್ತದೆ. ಅವರನ್ನು ಕೇಳದೆ ಸುತ್ತಿಗೆ ಎತ್ತಿದಾಗಲೆಲ್ಲ ನಾನು ತಪ್ಪು ಮಾಡಿದ್ದೇನೆ. ಅವರು ಮಾಡುತ್ತಿದ್ದ ಕೆಲವು ಸಣ್ಣ ಕೆಲಸಗಳನ್ನು, ನೀವೂ ಮಾಡಿಕೊಳ್ಳಬಹುದಾದ ಹಾಗೆ, ಇಲ್ಲಿ ಬರೆದಿದ್ದೇನೆ.

ಮೊದಲು ವಾಲ್ವ್‌ಗಳಿಗೆ ಗುರುತು ಕಟ್ಟಿ

ಹನುಮಂತನಗರದಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ. ಮೊದಲ ಸಲ ಅವರ ಮನೆಗೆ ಹೋದಾಗ "ಬಚ್ಚಲ ಮನೆಯ ವಾಲ್ವ್ ಯಾವುದು ಅಜ್ಜಿ?" ಅಂತ ಕೇಳಿದೆ. ಈ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ಅಜ್ಜಿ ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಟ್ಯಾಂಕಿನಿಂದ ಇಳಿಯುವ ಮೂರು ಪೈಪಿನ ವಾಲ್ವ್‌ಗಳಿಗೂ ಹಳೇ ಸೀರೆಯಂಚಿನ ಒಂದೊಂದು ತುಂಡು ಕಟ್ಟಿತ್ತು. ಹಸಿರು ಅಡುಗೆಮನೆಗೆ, ಕೆಂಪು ಬಚ್ಚಲಿಗೆ, ಹಳದಿ ಕೆಳಗಿನ ಬಾಡಿಗೆಯವರಿಗೆ.

"ನಮ್ಮ ಯಜಮಾನರು ತೀರಿಕೊಂಡ ವರ್ಷ ರಾತ್ರಿ ಹನ್ನೊಂದು ಗಂಟೆಗೆ ನಲ್ಲಿ ಕಿತ್ತುಕೊಂಡು ಬಂತು ಕಣಪ್ಪಾ. ಯಾವುದನ್ನ ತಿರುಗಿಸಬೇಕೋ ಗೊತ್ತಾಗಲಿಲ್ಲ. ಟ್ಯಾಂಕು ಖಾಲಿಯಾಗೋವರೆಗೂ ಮನೆ ತುಂಬ ನೀರು. ಬೆಳಗ್ಗೆ ಎದ್ದು ಒಂದೊಂದೇ ತಿರುಗಿಸಿ ನೋಡಿ ಬಟ್ಟೆ ಕಟ್ಟಿದೆ" ಅಂದರು.

ನೀವೂ ಹಾಗೇ ಮಾಡಿ. ಒಬ್ಬರು ತಾರಸಿಯಲ್ಲಿ, ಒಬ್ಬರು ಮನೆಯೊಳಗೆ. ಮೇಲಿನವರು ಒಂದು ವಾಲ್ವ್ ಮುಚ್ಚಬೇಕು. ಕೆಳಗಿನವರು ಎಲ್ಲ ನಲ್ಲಿ ತಿರುಗಿಸಿ, ಯಾವುದರಲ್ಲಿ ನೀರು ನಿಂತಿತು ಅಂತ ಕೂಗಿ ಹೇಳಬೇಕು. ಪೈಪಿನಲ್ಲಿ ಉಳಿದ ನೀರು ಇಳಿಯಲು ಒಂದೆರಡು ನಿಮಿಷ ಬಿಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಗೊತ್ತಾದ ತಕ್ಷಣ ಗುರುತು ಹಾಕಿ. ಬಟ್ಟೆ ಬಿಸಿಲಿಗೆ ಬಣ್ಣ ಬಿಡುತ್ತದೆ, ಅಜ್ಜಿ ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ಆಯಿಲ್ ಪೇಂಟಿನಲ್ಲಿ ಪೈಪಿನ ಮೇಲೇ ಬರೆದರೆ ಹೆಚ್ಚು ಬಾಳುತ್ತದೆ.

ಅಜ್ಜಿಯ ಇನ್ನೊಂದು ಅಭ್ಯಾಸ ನನಗೆ ಇದಕ್ಕಿಂತ ದೊಡ್ಡದು. ಯುಗಾದಿಗೆ ಒಂದು ಸಲ, ಆಯುಧ ಪೂಜೆಗೆ ಒಂದು ಸಲ ಎಲ್ಲ ವಾಲ್ವ್‌ಗಳನ್ನೂ ಪೂರ್ತಿ ಮುಚ್ಚಿ ತೆರೆಯುತ್ತಾರೆ. ಮೋಟಾರಿಗೆ ಕುಂಕುಮ ಇಟ್ಟು, ಹೂವು ಹಾಕಿ, ಹಾಗೇ ತಾರಸಿಗೆ ಹತ್ತುತ್ತಾರೆ. ನಮ್ಮೂರಿನ ಬೋರ್ ನೀರು ಗಡಸು. ವರ್ಷಗಟ್ಟಲೆ ತಿರುಗಿಸದೆ ಬಿಟ್ಟ ವಾಲ್ವಿನೊಳಗೆ ಬಿಳೀ ಉಪ್ಪು ಕಟ್ಟಿಕೊಂಡು ಅದು ಹಿಡಿದುಬಿಡುತ್ತದೆ. ತುರ್ತಿನಲ್ಲಿ ಬಲ ಹಾಕಿದರೆ ಒಳಗಿನ ಸ್ಪಿಂಡಲ್, ಅಂದರೆ ಹಿಡಿಗೆ ಸೇರಿದ ಕಡ್ಡಿ, ತುಂಡಾಗುತ್ತದೆ. ಚಕ್ರದ ಹಾಗೆ ಹಿಡಿ ಇರುವ ವಾಲ್ವನ್ನು ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ, ಆಗ ಹಿಡಿದುಕೊಳ್ಳುವುದು ಕಡಿಮೆ. ಉದ್ದ ಹಿಡಿಯ ಬಾಲ್ ವಾಲ್ವ್ ಆದರೆ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಈಗಾಗಲೇ ಬಿಗಿದುಕೊಂಡಿರುವ ವಾಲ್ವನ್ನು ಮಾತ್ರ ನೀವು ಮುಟ್ಟಬೇಡಿ. ಟ್ಯಾಂಕ್ ತುಂಬಿರುವಾಗ ಅದು ಮುರಿದರೆ ನೀರು ನಿಲ್ಲಿಸಲು ಬೇರೆ ದಾರಿಯೇ ಇರುವುದಿಲ್ಲ.

ತೊಟ್ಟಿಕ್ಕುವ ನಲ್ಲಿ

ಸೆಕೆಂಡಿಗೊಂದು ಹನಿ ಬೀಳುವ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ನೋಡಿ. ಒಂದು ಹಗಲು ಒಂದು ರಾತ್ರಿಗೆ ಸುಮಾರು 20 ಲೀಟರ್ ಸೇರುತ್ತದೆ. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ನಮ್ಮ ಮನೆಯ ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ ಬರುತ್ತದೆ. ಅದನ್ನು ಮತ್ತೆ ನಮ್ಮ ಮೋಟಾರಿನಿಂದ ತಾರಸಿಗೆ ಎತ್ತಿ, ಬಚ್ಚಲಿನಲ್ಲಿ ಹನಿಹನಿಯಾಗಿ ಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೂ ಹೆಚ್ಚಿನ ಸಲ ಕೆಟ್ಟಿರುವುದು ಕೆಲವೇ ರೂಪಾಯಿಯ ವಾಷರ್.

ನಾಲ್ಕೈದು ಸುತ್ತು ತಿರುಗಿಸಿ ನಿಲ್ಲಿಸುವ ಹಳೇ ನಮೂನೆಯ ನಲ್ಲಿ ಆದರೆ ನೀವೇ ಬದಲಾಯಿಸಬಹುದು. ವಾಲ್ವ್ ಮುಚ್ಚಿ, ನಲ್ಲಿ ತೆರೆದಿಟ್ಟು ಪೈಪಿನ ನೀರು ಇಳಿಸಿ. ಬಚ್ಚಲಿನ ಜಾಲರಿಯ ಮೇಲೆ ಒಂದು ಬಟ್ಟೆ ಹಾಸಿ, ತಿರುಪು ಜಾರಿ ಒಳಗೆ ಹೋದರೆ ಸಿಗುವುದಿಲ್ಲ. ನಲ್ಲಿಯ ತಲೆಯ ಕೆಳಗಿರುವ ಆರು ಮೂಲೆಯ ಭಾಗಕ್ಕೆ ಬಟ್ಟೆಯ ಒಂದು ಪದರ ಸುತ್ತಿ ಸ್ಪ್ಯಾನರ್ ಹಾಕಿ, ಎಡಕ್ಕೆ ತಿರುಗಿಸಿ. ಬಟ್ಟೆ ಇದ್ದರೆ ಹೊಳಪಿನ ಮೇಲೆ ಗೀರು ಬೀಳುವುದಿಲ್ಲ. ಮೇಲಿನ ಭಾಗ ಇಡಿಯಾಗಿ ಕೈಗೆ ಬರುತ್ತದೆ. ಅದರ ತುದಿಯಲ್ಲಿರುವ ರಬ್ಬರ್ ಬಿಲ್ಲೆಯೇ ವಾಷರ್. ನಡುವೆ ಉಂಗುರದ ಹಾಗೆ ಗುಳಿ ಬಿದ್ದಿದ್ದರೆ ಅದೇ ಕಳ್ಳ. ಹೊಸದನ್ನು ಹಾಕುವ ಮೊದಲು ನಲ್ಲಿಯೊಳಗೆ ಬೆರಳಿಟ್ಟು ವಾಷರ್ ಕೂರುವ ಜಾಗವನ್ನು ಸವರಿ ನೋಡಿ. ಅಲ್ಲಿ ಒರಟಾಗಿ, ಕೊರೆದ ಹಾಗೆ ತಗುಲಿದರೆ ವಾಷರ್ ಬದಲಾಯಿಸಿ ಪ್ರಯೋಜನವಿಲ್ಲ, ನಲ್ಲಿಯನ್ನೇ ಬದಲಾಯಿಸಬೇಕು.

ಕಾಲು ಸುತ್ತಿಗೆ ನಿಲ್ಲುವ ಹೊಸ ನಮೂನೆಯ ನಲ್ಲಿಗಳಲ್ಲಿ ಈ ವಾಷರ್ ಇರುವುದಿಲ್ಲ. ಒಳಗಿನ ಸೆರಾಮಿಕ್ ಸ್ಪಿಂಡಲನ್ನೇ ಇಡಿಯಾಗಿ ಬದಲಾಯಿಸಬೇಕು. ಒಂದೊಂದು ಕಂಪನಿಯದು ಒಂದೊಂದು ಅಳತೆ, ಹಾಗಾಗಿ ಹಳೆಯದನ್ನು ಕೈಯಲ್ಲಿ ಹಿಡಿದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಬಾಯಲ್ಲಿ ಹೇಳಿ ತಂದದ್ದು ಕೂರದೆ ಎರಡು ಮೂರು ಸಲ ಅಂಗಡಿಗೆ ಅಲೆದವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇನೆ.

ಬಿಚ್ಚಿದ ಸಾಮಾನು ಇಡುವ ರೀತಿಯನ್ನು ಶ್ರೀನಗರದ ಒಬ್ಬ ಟೈಲರ್ ತೋರಿಸಿಕೊಟ್ಟರು. ಅವರು ನ್ಯೂಸ್ ಪೇಪರ್ ಹಾಸಿ, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸುತ್ತಾರೆ. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಹೊಲಿಗೆ ಮಿಷಿನ್ ಸರ್ವಿಸ್ ಮಾಡಿಕೊಳ್ಳುವ ಅಭ್ಯಾಸವಂತೆ. ಅವತ್ತಿನಿಂದ ನಾನೂ ಹಾಗೇ ಮಾಡುತ್ತೇನೆ, ಜೊತೆಗೆ ಮೊಬೈಲಿನಲ್ಲಿ ಒಂದು ಫೋಟೋ.

ನಲ್ಲಿ ಸೋರುತ್ತಿಲ್ಲ, ಆದರೆ ಧಾರೆ ಸಣ್ಣಗಾಗಿದೆ ಅಂದರೆ ನಲ್ಲಿಯ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ ನೋಡಿ. ಅದೇ ಏರೇಟರ್. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದಾಗ ಜಲಮಂಡಳಿ ಹೇಳಿದ ಮೇಲೆ ಬಹಳ ಕಡೆ ಇದನ್ನು ಹಾಕಿಸಿದರು, ಆಮೇಲೆ ಬಿಚ್ಚಿ ತೊಳೆದವರು ಕಡಿಮೆ. ಮರಳು, ಪೈಪಿನ ಚೂರು, ಬಿಳೀ ಉಪ್ಪು ಎಲ್ಲ ಅಲ್ಲೇ ನಿಂತಿರುತ್ತದೆ. ನಿಂಬೆರಸದಲ್ಲಿ ಅಥವಾ ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ. ಶವರಿನ ತಲೆಗೂ ಇದೇ ಉಪಾಯ. ಬಿಚ್ಚಲು ಬಾರದಿದ್ದರೆ ಹುಳಿ ನೀರನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ, ಶವರ್ ಅದರೊಳಗೆ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ರಾತ್ರಿಯಿಡೀ ಬಿಟ್ಟರೆ ಹೊಳಪು ಮಂಕಾಗಬಹುದು, ಅರ್ಧ ಗಂಟೆ ಸಾಕು.

ಫ್ಲಷ್ ಟ್ಯಾಂಕಿನ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಸದ್ದೂ ಕೇಳುವುದಿಲ್ಲ. ಗಿರಿನಗರದ ಒಬ್ಬ ಅಮ್ಮ ಬೀಟ್ರೂಟ್ ಬೇಯಿಸಿದ ನೀರನ್ನು ಅದಕ್ಕೆ ಸುರಿದು ಕಂಡುಹಿಡಿದಿದ್ದರು. ಮುಚ್ಚಳ ತೆಗೆದು ಒಂದು ಲೋಟ ಸುರಿಯಿರಿ, ಅರ್ಧ ಗಂಟೆ ಯಾರೂ ಬಳಸಬೇಡಿ. ಕಮೋಡಿನೊಳಗೆ ಕೆಂಪು ಬಣ್ಣ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಹೋಗಿದೆ, ಇಲ್ಲವೇ ತೇಲುವ ಬಾಲ್ ಎತ್ತರವಾಗಿ ನೀರು ಒಳಗಿನ ಓವರ್‌ಫ್ಲೋ ಕೊಳವೆಯಲ್ಲಿ ಇಳಿದು ಹೋಗುತ್ತಿದೆ. ಎರಡನೆಯದಾದರೆ ಬಾಲ್ ಸ್ವಲ್ಪ ತಗ್ಗಿಸಿದರೆ ಮುಗಿಯಿತು.

ಗೋಡೆಯ ತೇವಕ್ಕೆ ಒಂದು ಪೆನ್ಸಿಲ್

ಇದನ್ನು ನಾನು ಬೇಸರದಿಂದಲೇ ಬರೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಮನೆಯ ಬಚ್ಚಲಿನ ಹಿಂದಿನ ಗೋಡೆಯಲ್ಲಿ ತೇವ ನೋಡಿದ ಕೂಡಲೇ ಪೈಪ್ ಒಡೆದಿದೆ ಅಂತ ತೀರ್ಮಾನಿಸಿ ಟೈಲ್ಸ್ ಒಡೆದೆ. ಪೈಪ್ ಚೆನ್ನಾಗಿತ್ತು. ನೀರು ಬರುತ್ತಿದ್ದದ್ದು ತಾರಸಿಯ ಮೂಲೆಯ ಬಿರುಕಿನಿಂದ, ಮಳೆ ಬಂದಾಗ ಮಾತ್ರ. ಆ ಮನೆಯವರು ಹೊಸ ಟೈಲ್ಸಿಗೆ ಕೊಟ್ಟ ದುಡ್ಡು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಇದಾದ ಕೆಲವು ವರ್ಷಕ್ಕೆ ಬನಶಂಕರಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋದೆ. ಅವರ ಮಲಗುವ ಕೋಣೆಯ ಗೋಡೆಯ ಮೇಲೆ ತೇವದ ಅಂಚಿನುದ್ದಕ್ಕೂ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಅದರ ಹೊರಗೆ ಇನ್ನೊಂದು ಗೆರೆ, ಇನ್ನೊಂದು ತಾರೀಖು. ಹೀಗೆ ಐದು ಗೆರೆ, ಮ್ಯಾಪಿನಲ್ಲಿ ಬೆಟ್ಟ ಬರೆದ ಹಾಗೆ. ಕೆಲವು ತಾರೀಖಿನ ಮುಂದೆ ಸಣ್ಣದಾಗಿ "ಮಳೆ" ಅಂತ ಬರೆದಿತ್ತು. "ನೋಡಪ್ಪಾ, ಮಳೆ ಇಲ್ಲದ ಹತ್ತು ದಿನದಲ್ಲೂ ಇದು ಬೆಳೆದಿದೆ. ಮೇಲಿನಿಂದ ಬರ್ತಿರೋ ನೀರಲ್ಲ" ಅಂದರು. ನಿಜ. ಬಿಸಿನೀರಿನ ಪೈಪಿನ ಒಂದು ಎಲ್ಬೋ, ಅಂದರೆ ಪೈಪು ತಿರುಗುವ ಮೂಲೆಯ ಜಾಯಿಂಟ್, ಸೋರುತ್ತಿತ್ತು. ಗೆರೆಗಳೆಲ್ಲ ಒಂದೇ ಕಡೆಯಿಂದ ಹರಡಿದ್ದರಿಂದ ಎಲ್ಲಿ ಒಡೆಯಬೇಕು ಅನ್ನುವುದೂ ಗೊತ್ತಾಯಿತು. ಬಚ್ಚಲಿನ ಕಡೆಯಿಂದ ಎರಡೇ ಟೈಲ್ಸ್ ತೆಗೆದು ಕೆಲಸ ಮುಗಿಸಿದೆ.

ಹಾಗಾಗಿ ತೇವ ಕಂಡ ದಿನವೇ ಪೆನ್ಸಿಲ್ ತಗೊಳ್ಳಿ. ಅಂಚಿಗೆ ಗೆರೆ ಎಳೆದು ತಾರೀಖು ಬರೆಯಿರಿ. ಮೂರು ನಾಲ್ಕು ದಿನಕ್ಕೊಮ್ಮೆ ನೋಡಿ, ಬೆಳೆದಿದ್ದರೆ ಹೊಸ ಗೆರೆ. ಮಳೆ ಬಂದ ದಿನ ಗುರುತು ಮಾಡಿ. ಮಳೆಯಾದ ಮೇಲೆ ಬೆಳೆದು, ಬಿಸಿಲಿಗೆ ಒಣಗಿದರೆ ತಾರಸಿ ಅಥವಾ ಹೊರಗೋಡೆ. ದಿನಾ ಒಂದೇ ಸಮ ಬೆಳೆದರೆ ನೀರಿನ ಪೈಪು. ಸ್ನಾನ ಮಾಡಿದ ಮೇಲಷ್ಟೇ ಒದ್ದೆಯಾದರೆ ಬಚ್ಚಲಿನ ನೆಲ, ಟೈಲ್ಸಿನ ಸಂದು ಅಥವಾ ಹೊರಹೋಗುವ ಪೈಪು. ಎರಡು ವಾರ ಹೀಗೆ ನೋಡಿ ಆಮೇಲೆ ಕೆಲಸದವರನ್ನು ಕರೆಯಿರಿ. ತೇವ ಸ್ವಿಚ್ ಬೋರ್ಡಿನ ಹತ್ತಿರ ಇದ್ದರೆ ಮಾತ್ರ ಕಾಯಬೇಡಿ, ಆ ಲೈನಿನ ಎಂಸಿಬಿ (ಬೋರ್ಡಿನಲ್ಲಿರುವ ಕರೆಂಟ್ ಕಡಿಯುವ ಸ್ವಿಚ್ಚು) ಇಳಿಸಿ ಅವತ್ತೇ ಕರೆಯಿರಿ. ಕಾರಣ ತಿಳಿಯದೆ ಮೇಲೆ ಪುಟ್ಟಿ, ಬಣ್ಣ ಹೊಡೆಸುವುದು ಬೇಡ, ಆರು ತಿಂಗಳಲ್ಲಿ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ.

ಮೋಟಾರಿನ ಗಡಿಯಾರ

ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕು? ಇದನ್ನು ಬರೆದಿಟ್ಟುಕೊಂಡ ಮನೆಗೆ ಹೋದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಮೋಟಾರು ಚೆನ್ನಾಗಿರುವಾಗ, ಟ್ಯಾಂಕ್ ಹೆಚ್ಚು ಕಡಿಮೆ ಖಾಲಿ ಇರುವ ದಿನ ಹಿಡಿದು ನೋಡಿ, ಮೋಟಾರ್ ಸ್ವಿಚ್ಚಿನ ಪಕ್ಕದಲ್ಲೇ ಬರೆದುಬಿಡಿ. 20 ನಿಮಿಷದಲ್ಲಿ ತುಂಬುತ್ತಿದ್ದದ್ದು ನಿಧಾನವಾಗಿ 35 ನಿಮಿಷಕ್ಕೆ ಹೋದರೆ ಸಂಪಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವಿನ ಜಾಲರಿಗೆ ಕಸ ಕಟ್ಟಿದೆ, ಅಥವಾ ಮೋಟಾರಿನೊಳಗೆ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಸವೆದಿದೆ. ಒಮ್ಮೆಲೇ ನೀರೇ ಬರದೆ ಮೋಟಾರು ಬರೀ ಓಡುತ್ತಿದ್ದರೆ ಗಾಳಿ ಹಿಡಿದಿದೆ ಅಥವಾ ಸಂಪಿನಲ್ಲಿ ನೀರಿಲ್ಲ. ತಕ್ಷಣ ಆಫ್ ಮಾಡಿ, ನೀರಿಲ್ಲದೆ ಓಡಿದರೆ ಸೀಲ್ ಸುಟ್ಟುಹೋಗುತ್ತದೆ.

ಕರೆಂಟ್ ಬಿಲ್ಲೂ ಇದೇ ಮಾತು ಹೇಳುತ್ತದೆ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬಂದರೂ ಯೂನಿಟ್ ಎಷ್ಟು ಅಂತ ನೋಡುವುದನ್ನು ಬಿಡಬೇಡಿ. ಒಂದು ಎಚ್‌ಪಿ ಮೋಟಾರು ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ಮನೆಯಲ್ಲಿ ಹೊಸದೇನೂ ಬಂದಿಲ್ಲ, ನೆಂಟರೂ ಇಲ್ಲ, ಆದರೂ ಯೂನಿಟ್ ಏರುತ್ತಿದೆ ಅಂದರೆ ಮೋಟಾರು ಹೆಚ್ಚು ಓಡುತ್ತಿರಬಹುದು, ಎಲ್ಲೋ ನೀರು ಸೋರುತ್ತಿರಬಹುದು.

ಸಂಪು ಸೋರುತ್ತಿದೆಯೋ ಅನ್ನುವ ಅನುಮಾನ ಬಂದರೆ ರಾತ್ರಿ ಒಳಬರುವ ಪೈಪಿನ ವಾಲ್ವ್ ಮುಚ್ಚಿ, ಉದ್ದನೆಯ ಕೋಲು ಇಳಿಸಿ ಒದ್ದೆಯಾದ ಕಡೆ ಗುರುತು ಹಾಕಿ. ಮೋಟಾರು ಹಾಕದೆ ಬೆಳಗ್ಗೆ ಮತ್ತೆ ಇಳಿಸಿ. ಎರಡು ಗುರುತು ಒಂದೇ ಇದ್ದರೆ ಸಂಪು ಚೆನ್ನಾಗಿದೆ. ಸಂಪು ತೊಳೆಯುವ ವಿಷಯದಲ್ಲಿ ಒಂದು ಮಾತು ಬೇಡಿಕೊಂಡು ಹೇಳುತ್ತೇನೆ: ಒಬ್ಬರೇ ಇಳಿಯಬೇಡಿ, ಮುಚ್ಚಳ ತೆಗೆದು ಕೆಲವು ಗಂಟೆ ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ನಿಂತಿರಲಿ, ಒಳಗೆ ಆಳು ಇರುವಾಗ ಮೋಟಾರಿನ ಎಂಸಿಬಿ ಇಳಿಸಿಯೇ ಇರಲಿ.

ಸಿಂಕು

ಅಡುಗೆಮನೆಯ ಸಿಂಕ್ ಕಟ್ಟಿಕೊಳ್ಳುವುದಕ್ಕೆ ಎಣ್ಣೆ ಜಿಡ್ಡೇ ಮೊದಲ ಕಾರಣ. ಒಗ್ಗರಣೆ ಸೌಟು, ಬಾಣಲೆ, ಕಾವಲಿಯನ್ನು ತೊಳೆಯುವ ಮೊದಲು ಪೇಪರಿನಲ್ಲಿ ಒರೆಸುವ ಮನೆಗಳಿವೆ. ಆ ಮನೆಗಳಿಂದ ಸಿಂಕಿಗೆಂದು ನನಗೆ ಕರೆ ಬರುವುದೇ ಇಲ್ಲ. ಕಟ್ಟಿಕೊಂಡರೆ ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್ ಕೆಳಗೆ ಬಕೆಟ್ ಇಟ್ಟು, ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ, ಕಸ ತೆಗೆದು, ರಬ್ಬರ್ ವಾಷರ್ ಮರೆಯದೆ ಹಾಕಿ ಮುಚ್ಚಿ. ಕುದಿಯುವ ನೀರು ಸುರಿಯಬೇಡಿ, ಪಿವಿಸಿ ಪೈಪು ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಬಿಸಿ ನೀರಿಗೆ ಕೈ ಇಡುವ ಹದ ಇರಲಿ.

ಆಸಿಡ್ ಬೇಡ. ನಲ್ಲಿಯ ಹೊಳಪು, ಟೈಲ್ಸಿನ ಸಂದಿನ ಸಿಮೆಂಟು ಎರಡನ್ನೂ ತಿನ್ನುತ್ತದೆ. ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಇಲ್ಲದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಮನೆಯೊಳಗೆ ಎಲ್ಲ ಸರಿ ಇದ್ದು, ರಸ್ತೆಯ ಒಳಚರಂಡಿ ಚೇಂಬರ್ ತುಂಬಿ ಹಿಂದಕ್ಕೆ ಬರುತ್ತಿದ್ದರೆ ಅದು ಜಲಮಂಡಳಿಯ ಕೆಲಸ, 1916ಕ್ಕೆ ಫೋನ್ ಮಾಡಿ.

ಬೀಗ, ಬಾಗಿಲು

ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಕಡೆಯ ರೂಢಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಏನಾಗಿರುತ್ತದೋ ಬೀಗದೊಳಗೂ ಅದೇ ಆಗುತ್ತದೆ, ಮೇಲೆ ಧೂಳು ಬೇರೆ ಅಂಟುತ್ತದೆ. ಆ ಬನಶಂಕರಿ ಮೇಷ್ಟ್ರು ಇದಕ್ಕೂ ಪೆನ್ಸಿಲನ್ನೇ ಬಳಸುತ್ತಿದ್ದರು. ಬೀಗದ ಕೈಯ ಹಲ್ಲುಗಳ ಮೇಲೆ ಪೆನ್ಸಿಲ್ ಚೆನ್ನಾಗಿ ಉಜ್ಜಿ, ಕಪ್ಪು ಪುಡಿ ಹತ್ತಿದ ಮೇಲೆ ಬೀಗಕ್ಕೆ ಹಾಕಿ ನಾಲ್ಕೈದು ಸಲ ತಿರುಗಿಸಿ. ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಮರದ ಬಾಗಿಲಿಗೆ ಅಂಚಿನುದ್ದಕ್ಕೂ ಸೀಮೆಸುಣ್ಣ ಬಳಿದು ಮುಚ್ಚಿ ತೆರೆಯಿರಿ. ಸುಣ್ಣ ಅಳಿಸಿದ ಜಾಗ ಮಾತ್ರ ಉಜ್ಜುತ್ತಿದೆ, ಅಲ್ಲಿಗೆ ಮೊದಲು ಮೇಣದಬತ್ತಿ ತಿಕ್ಕಿ ನೋಡಿ. ಬಡಗಿಯನ್ನು ಕರೆದು ಇಡೀ ಅಂಚು ಹೆರೆಸಿದರೆ ಬೇಸಿಗೆಯಲ್ಲಿ ಬಾಗಿಲಿನ ಸಂದಿಯಿಂದ ಗಾಳಿ ಬರುತ್ತದೆ.

ಕರೆಂಟು: ನೋಡಿ, ಕೇಳಿಸಿಕೊಳ್ಳಿ, ಬಿಚ್ಚಬೇಡಿ

ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದ್ದರೆ ಅದರ ಮೇಲೆ ಟಿ ಅಕ್ಷರದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಕರೆಂಟ್ ಬಿಲ್ ಬಂದ ದಿನವೇ ಒತ್ತುವ ಮನೆಯೊಂದಿದೆ, ಅವರಿಗೆ ಮರೆಯುವುದೇ ಇಲ್ಲ. ಒತ್ತಿದ ಕೂಡಲೇ ಸ್ವಿಚ್ಚು ಕೆಳಗೆ ಬೀಳಬೇಕು. ಬೀಳದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್ ಕರೆಯಿರಿ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯರಿಗೆ ಶಾಕ್ ಹೊಡೆಯದಂತೆ ಕಾಯುವುದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಬಚ್ಚಲಲ್ಲಿ ಗೀಸರ್ ಇಟ್ಟುಕೊಂಡು ಇದಿಲ್ಲದ ಮನೆಗಳನ್ನು ನೋಡಿದರೆ ನನಗೆ ಭಯವಾಗುತ್ತದೆ.

ಗೀಸರಿನ ಸದ್ದು ಕೇಳಿಸಿಕೊಳ್ಳಿ. ಕಡಲೆ ಹುರಿದ ಹಾಗೆ ಚಟಪಟ ಅನ್ನತೊಡಗಿದರೆ ಒಳಗಿನ ಕಾಯಿಲ್ ಮೇಲೆ ಉಪ್ಪು ಕಟ್ಟಿದೆ, ಸರ್ವಿಸ್ ಮಾಡಿಸಿ. ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ, ಒತ್ತಡ ಇಳಿಸುವುದೇ ಅದರ ಕೆಲಸ. ಹನಿ ಬೀಳುತ್ತದೆ ಅಂತ ಅದಕ್ಕೆ ಎಂಡ್ ಕ್ಯಾಪ್ ಹಾಕಿ ಮುಚ್ಚಿದ್ದ ಮನೆಯೊಂದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಗೀಸರ್ ಒಡೆಯಬಹುದು. ಬೀದಿ ಕಂಬದಲ್ಲಿ ಕಿಡಿ, ಇಡೀ ಸಾಲಿಗೆ ಕರೆಂಟಿಲ್ಲ ಅಂದರೆ ಬೆಸ್ಕಾಂ ನಂಬರು 1912.

ಮಾವಿನ ಮಳೆಗೆ ಮುಂಚೆ

ಮಾರ್ಚ್ ಕೊನೆಗೆ ಒಂದು ಭಾನುವಾರ ತಾರಸಿಗೆ ಹತ್ತಿ, ಮಳೆನೀರು ಇಳಿಯುವ ಬಾಯಿಗಳಲ್ಲಿ ಎಲೆ, ಪ್ಲಾಸ್ಟಿಕ್, ಪಾರಿವಾಳದ ಪುಕ್ಕ ತೆಗೆಯಿರಿ. ಒಂದು ಬಕೆಟ್ ನೀರು ಸುರಿದು ಕೆಳಗೆ ಎಲ್ಲಿ ಬರುತ್ತದೆ ನೋಡಿ. ಸೆಪ್ಟೆಂಬರ್, ಅಕ್ಟೋಬರಿನ ದೊಡ್ಡ ಮಳೆಗೆ ಮೊದಲು ಇನ್ನೊಮ್ಮೆ. ಇಷ್ಟೇ.

ಕೆಲಸದವರನ್ನು ಕರೆಯುವಾಗ

ಫೋನಿನಲ್ಲಿ "ನೀರು ಬರ್ತಿಲ್ಲ" ಅಂದರೆ ನಾನು ಯಾವ ಸಾಮಾನು ತರಬೇಕು ಅನ್ನುವುದು ನನಗೆ ಗೊತ್ತಾಗುವುದಿಲ್ಲ. ಒಂದೇ ನಲ್ಲಿಯಲ್ಲೋ ಎಲ್ಲದರಲ್ಲೋ, ಯಾವತ್ತಿನಿಂದ, ಬೆಳಗ್ಗೆಯೋ ದಿನವಿಡೀಯೋ, ಅದಕ್ಕೂ ಮೊದಲು ಏನು ಕೆಲಸ ಮಾಡಿಸಿದಿರಿ, ಇಷ್ಟು ಹೇಳಿ. ನಲ್ಲಿಯ ಫೋಟೋ ಒಂದು, ಇಡೀ ಜಾಗ ಕಾಣುವ ಫೋಟೋ ಒಂದು ಕಳಿಸಿ. ಬಿಚ್ಚಿದ ಹಳೇ ಸಾಮಾನನ್ನು ಕೆಲಸದವರಿಂದ ಕೇಳಿ ಇಟ್ಟುಕೊಳ್ಳಿ, ಮುಂದಿನ ಸಲ ಅಳತೆಗೆ ಬೇಕಾಗುತ್ತದೆ.

ಹನುಮಂತನಗರದ ಅಜ್ಜಿಯ ಮನೆಯಲ್ಲಿ ಮೀಟರ್ ಬೋರ್ಡಿನ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿದೆ. ಯಾವ ವಾಲ್ವ್ ಎಲ್ಲಿಗೆ, ಟ್ಯಾಂಕ್ ತುಂಬಲು ಎಷ್ಟು ನಿಮಿಷ, ಗೀಸರ್ ಸರ್ವಿಸ್ ಯಾವತ್ತು, ಸಂಪು ತೊಳೆದದ್ದು ಯಾವತ್ತು, 1916, 1912, ಕೆಳಗೆ ನನ್ನ ನಂಬರು. ಹೋದ ತಿಂಗಳು ಕೆಳಗಿನ ಮನೆಗೆ ಹೊಸ ಬಾಡಿಗೆಯವರು ಬಂದಾಗ ಅಜ್ಜಿ ಮೊದಲು ಕೊಟ್ಟದ್ದು ಬೀಗದ ಕೈ, ಆಮೇಲೆ ಆ ಹಾಳೆಯ ಜೆರಾಕ್ಸ್.